ಹಳೆಯ ಬೆಳಕಿನ ಮೇಷ್ಟ್ರು
ನಮ್ಮ ಕಾಲೇಜಿನಲ್ಲಿ ಖಗೋಳ ಪಾಠ ಹೇಳುವ ಗ್ಯಾಲಕ್ಸಿ ಮೇಷ್ಟ್ರ ಕಿವಿಗೆ ಒಂದು ತಪ್ಪು ಬಿದ್ದರೆ ಅವರಿಗೆ ಆ ದಿನ ಊಟ ಸೇರುವುದಿಲ್ಲ. ಗೋಡೆಯ ಚಿತ್ರ ನೋಡಿ ಯಾರಾದರೂ ಹುಡುಗಿ "ಈ ಗ್ಯಾಲಕ್ಸಿ ಎಷ್ಟು ಚೆನ್ನಾಗಿದೆ ಸಾರ್" ಎಂದರೆ ಮುಗಿಯಿತು. "ಚೆನ್ನಾಗಿತ್ತು ಅಂತ ಹೇಳಮ್ಮ. ಆ ಬೆಳಕು ಹೊರಟಾಗ ಭೂಮಿ ಮೇಲೆ ಮನುಷ್ಯರೇ ಇರ್ಲಿಲ್ಲ. ಈಗ ಅದು ಹೇಗಿದೆಯೋ ಯಾರು ಕಂಡೋರು?" ಪ್ರಿನ್ಸಿಪಾಲರು ಭಾಷಣದಲ್ಲಿ "ಕೋಟ್ಯಂತರ ಗ್ಯಾಲಕ್ಸಿಗಳು" ಎಂದಾಗ, "ಸಾಲದು ಸಾರ್, ಲಕ್ಷ ಕೋಟಿ ಇರಬಹುದು" ಎಂದು ಮುಂದಿನ ಸಾಲಿನಿಂದಲೇ ಕೂಗಿದ್ದರು. ವಿಶ್ವ ಹಿಗ್ಗುತ್ತಿದ್ದರೆ ತನ್ನ ಅಂಗಡಿಯೂ ದೊಡ್ಡದಾದೀತಲ್ಲ ಎಂದು ಕ್ಷೌರದವನು ಹಿಗ್ಗಿದರೆ, "ಇಲ್ಲಪ್ಪ, ಹಿಗ್ಗೋದು ಗ್ಯಾಲಕ್ಸಿಗಳ ಗುಂಪುಗಳ ನಡುವಿನ ಜಾಗ!" ಎಂದು ಅರ್ಧ ಕ್ಷೌರವಾದ ತಲೆಯಲ್ಲೇ ಎದ್ದು ನಿಂತು ವಾದಿಸುತ್ತಾರೆ. ಸಂಜೆ ಅವರು ಮನೆಯ ಗೇಟು ತೆರೆಯುವ ಹೊತ್ತಿಗೆ, ಈಚಿನದೆಲ್ಲ ಮರೆತುಹೋಗಿರುವ ಅವರ ತಾಯಿ ಬಾಗಿಲಲ್ಲಿ ಕಾದಿರುತ್ತಾರೆ. "ಸ್ಕೂಲು ಬಿಟ್ರಾ ಮಗಾ? ಇವತ್ತೂ ಯಾರ ಜೊತೆಗಾದ್ರೂ ಜಗಳ ಆಡಿದ್ಯಾ?" ಬರುವ ವರ್ಷ ನಿವೃತ್ತರಾಗಲಿರುವ ಮೇಷ್ಟ್ರು ಚಪ್ಪಲಿ ಕಳಚಿ, ಅಮ್ಮನ ಕೈ ತಲೆಗೆ ಎಟುಕುವಷ್ಟು ಬಗ್ಗಿ ನಿಲ್ಲುತ್ತಾರೆ. "ಹೂಂ ಅಮ್ಮ, ಈಗಷ್ಟೇ ಬಿಟ್ರು. ಯಾರ ಜೊತೆಗೂ ಜಗಳ ಆಡ್ಲಿಲ್ಲ."