ಕೆರಿಯ ನಾಯ್ಕನ ಲೈಸೆನ್ಸು

ಮೊದಲ ಏಟು ಮೊಣಕೈಗೆ ಬಿತ್ತು. ಎರಡನೆಯದೂ ಅದೇ ಜಾಗಕ್ಕೆ. ಶಿರಸಿಯ ತಹಶೀಲ್ದಾರ್ ಕಚೇರಿಯ ಎದುರು, ಅರ್ಜಿ ಬರೆಸಲು ಬಂದವರೆಲ್ಲ ನೋಡುತ್ತಿರುವಾಗಲೇ, ಮಡಿವಾಳಪ್ಪ ಲಾರಿಯ ಜಾಕ್ ರಾಡು ಬೀಸಿದ್ದ. ಮೂಳೆ ಮುರಿದ ಸದ್ದು ಕೆರಿಯನಿಗೆ ನೋವಿಗಿಂತ ಮೊದಲು ಕೇಳಿಸಿತು. ಅವನು ಎಡಗೈಯಲ್ಲಿದ್ದ ಕಾಗದದ ಚೀಲವನ್ನು ಎದೆಗೆ ಒತ್ತಿಕೊಂಡು ಧೂಳಿನಲ್ಲಿ ಕುಸಿದ.

"ಬೇಲಿ ತನಾ ನಿಂದ ಅಂದಿದ್ಯಲ್ಲಲೇ ಮಗನ, ಈಗ ತೋರ್ಸು ಬಾ ಬೇಲಿ."

ಮೂರನೆಯ ಸಲ ರಾಡು ಮೇಲೆದ್ದಾಗ, ಪತ್ರ ಬರೆಯುವ ಮಧುಕೇಶ್ವರ ಭಟ್ಟರು ತಮ್ಮ ಮೇಜನ್ನೇ ನಡುವೆ ತಳ್ಳಿದರು. ಏಟಿಗೆ ಹಲಗೆ ಸೀಳಿ, ಮಸಿಯೆಲ್ಲ ಕೆರಿಯನ ಮುಖದ ಮೇಲೆ ಚೆಲ್ಲಿತು. ಅದು ೧೯೯೯ರ ಏಪ್ರಿಲ್ ತಿಂಗಳು.

ಕೆರಿಯ ಎಕ್ಕಂಬಿಯವನು. ಎರಡನೇ ಪ್ರಯತ್ನಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿ, ಹಳೆಯದೊಂದು ಲೂನಾ ಹತ್ತಿ, ಏಳು ವರ್ಷದಿಂದ ಜಾಗದ ದಲಾಲಿ ಮಾಡುತ್ತಿದ್ದ. ಶಿರಸಿಯ ಅಂಚಿನ ಇಸಳೂರಿನಲ್ಲಿ ಹೊಸ ಮನೆಗಳು ಏಳತೊಡಗಿದ್ದವು, ಗಿರಾಕಿಗಳಿಗೆ ಬರವಿರಲಿಲ್ಲ. ಆದರೆ ಮರ್ಯಾದೆಗೆ ಬರವಿತ್ತು. ವ್ಯವಹಾರ ಕೆಟ್ಟರೆ ಎರಡೂ ಕಡೆಯವರ ಕೈ ಮೊದಲು ದಲ್ಲಾಳಿಯ ಕಾಲರಿಗೇ ಬರುತ್ತಿತ್ತು. ಸಿದ್ದಾಪುರದಲ್ಲಿ ಒಮ್ಮೆ ಚಪ್ಪಲಿಯ ಏಟು ತಿಂದಿದ್ದ. ಯಲ್ಲಾಪುರದಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲಿನ ಜಗಳ ಬಿಟ್ಟು, ಸೇರಿಕೊಂಡು ಅವನನ್ನು ತುಳಿದಿದ್ದರು.

ಜಾಗ ತೋರಿಸುವವರಿಗೆ ಆಗ ಲೈಸೆನ್ಸು ಎಂಬುದೇ ಇರಲಿಲ್ಲ. ಇದ್ದದ್ದು ಖರೀದಿ ಪತ್ರ ಬರೆಯುವವರಿಗೆ. ಅದನ್ನು ಪಡೆದು ಭಟ್ಟರ ಪಕ್ಕ ಒಂದು ಮೇಜು ಹಾಕಿಕೊಂಡರೆ ತನ್ನ ಮೈಮೇಲೆ ಯಾರೂ ಕೈ ಮಾಡುವುದಿಲ್ಲ ಎಂದು ಕೆರಿಯ ಗಟ್ಟಿಯಾಗಿ ನಂಬಿದ್ದ. ಎರಡು ವರ್ಷ ಭಟ್ಟರ ಕೈಕೆಳಗೆ ಕರಡು ಬರೆದು ಕಲಿತ. ಅರ್ಜಿ ಕಾರವಾರಕ್ಕೆ ಹೋಗಿತ್ತು. ಪೊಲೀಸರಿಂದ ನಡತೆಯ ವರದಿ ಹೋಗಬೇಕು, ಆಮೇಲೆ ಪರೀಕ್ಷೆ. ಹೆಸರಿನ ಮೇಲೆ ಒಂದು ಕೇಸು ಬಿದ್ದರೂ ಅರ್ಜಿ ಮೂಲೆಗೆ ಎಂದು ಭಟ್ಟರು ಎಚ್ಚರಿಸಿದ್ದರು.

ಅಷ್ಟರಲ್ಲಿ ಅವನೇ ತಪ್ಪು ಮಾಡಿದ. ಈ ಕಡೆ ತೋಟದವರಿಗೆ ಸೊಪ್ಪಿನ ಬೆಟ್ಟವೂ ಇರುತ್ತದೆ. ತೋಟದ ಗೊಬ್ಬರಕ್ಕೆ ಸೊಪ್ಪು ಕೊಯ್ಯುವ ಹಕ್ಕು ಅವರದು, ನೆಲ ಸರ್ಕಾರದ್ದು. ಆದರೆ ಅಜ್ಜನ ಕಾಲದಿಂದ ಸೊಪ್ಪು ಕೊಯ್ದವರು ಅದನ್ನು ನಮ್ಮ ಬೆಟ್ಟ ಎಂದೇ ಹೇಳುತ್ತಾರೆ, ಸ್ವಂತದ ಬೀಳು ಜಮೀನಾದ ಹಕ್ಕಲಿಗೂ ಬೆಟ್ಟಕ್ಕೂ ಸೇರಿಸಿ ಒಂದೇ ಬೇಲಿ ಹಾಕುತ್ತಾರೆ. ಇಸಳೂರಿನ ರಘುಪತಿ ಹೆಗಡೆಯವರ ಬೇಲಿಯೂ ಹಾಗೇ ಇತ್ತು. ಹಾವೇರಿ ಕಡೆಯ ಲಾರಿ ಮಾಲೀಕ ಮಡಿವಾಳಪ್ಪ ಮನೆ ಕಟ್ಟಲು ಆ ಹಕ್ಕಲು ಕೊಂಡ. ಪದ್ಧತಿಯಂತೆ ಕೆರಿಯ ಅಕ್ಕಪಕ್ಕದವರನ್ನು ಕರೆದು ನಾಲ್ಕೂ ಗಡಿಯ ಮೇಲೆ ನಡೆಸಿದ, ಪ್ರತಿ ಮೂಲೆಯಲ್ಲೂ ಎಲ್ಲರ ಬಾಯಲ್ಲಿ ಹೌದು ಅನ್ನಿಸಿದ. ಎಲ್ಲರೂ ಹೌದು ಎಂದರು, ಅವರ ಬೇಲಿಗಳೂ ಅಂಥವೇ. ಹೊರಗಿನ ದಲ್ಲಾಳಿಯಾಗಿದ್ದರೆ ಸರ್ವೆ ನಕ್ಷೆ ಕೇಳುತ್ತಿದ್ದ. ಕೆರಿಯ ಈ ಕಡೆಯವನೇ, ಬೇಲಿಯನ್ನು ನಂಬಿದ.

ಪತ್ರದಲ್ಲಿ ಬರೆದದ್ದು ಹಕ್ಕಲು, ಪಾಯ ಎದ್ದದ್ದು ಬೆಟ್ಟದಲ್ಲಿ. ಅರಣ್ಯ ಇಲಾಖೆಯವರು ಬಂದು ಕಟ್ಟಿದ ಕಲ್ಲನ್ನೆಲ್ಲ ಹಾರೆಯಿಂದ ಕಿತ್ತೆಸೆದರು. ಅಡ್ಡ ನಿಂತ ಮಡಿವಾಳಪ್ಪನ ಹೆಂಡತಿ ತಳ್ಳಾಟದಲ್ಲಿ ಬಿದ್ದು ಹಣೆ ಒಡೆದುಕೊಂಡಳು. ಮಾರನೇ ದಿನವೇ ಅವನು ರಾಡು ಹಿಡಿದು ಬಂದದ್ದು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೆರಿಯ ಮನೆಗೆ ಬಂದ. ಹೆಂಡತಿ ದುರ್ಗಿ ಒಂದೇ ಬಟ್ಟಲಿನ ಗಂಜಿಯನ್ನು ಎಂಟು ತಿಂಗಳ ಮಗಳು ಸ್ಫೂರ್ತಿಗೆ ಒಂದು ತುತ್ತು, ಅವನಿಗೆ ಒಂದು ತುತ್ತು ಉಣಿಸಿದಳು. ಮಗುವಿನ ಬಾಯಿ ಒರೆಸಿದ ಸೆರಗಿನಲ್ಲೇ ಅವನ ಬಾಯಿಯನ್ನೂ ಒರೆಸಿದಳು. ಪೊಲೀಸರಿಗೆ ದೂರು ಕೊಡಲು ಅವನು ಒಪ್ಪಲಿಲ್ಲ. ಕೊಟ್ಟರೆ ಮಡಿವಾಳಪ್ಪ ಮೋಸದ ದೂರು ಕೊಡುತ್ತಾನೆ, ಲೈಸೆನ್ಸು ಹೋಗುತ್ತದೆ. ಕಾಗದ ಆಮೇಲೆ ನೋಡುವ, ಮೊದಲು ಕೈ ನೆಟ್ಟಗಾಗಲಿ ಎಂದು ದುರ್ಗಿ ಬೈದಳು.

ನಾಲ್ಕನೇ ದಿನ ದುರ್ಗಿಯ ತಮ್ಮ ಹುಚ್ಚ ಬಂದ. ಅಂಗಳದ ಕಲ್ಲಿನ ಮೇಲೆ ಕತ್ತಿ ಮಸೆದು, ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡ. ಮಡಿವಾಳಪ್ಪ ಕಿತ್ತ ಪಾಯದ ಕಲ್ಲನ್ನು ಲಾರಿಗೆ ತುಂಬಿಸಲು ಇಸಳೂರಿಗೆ ಬಂದಿದ್ದಾನೆ ಎಂದು ಯಾರೋ ಹೇಳಿದ್ದರು.

"ಬಾವ, ನೀ ಮನಿಕ್ಕ. ಅವ್ನ ಕೈ ತಂದು ನಿನ್ ಎದ್ರಿಗೆ ಇಡ್ತೆ."

ತಡೆಯುವಷ್ಟರಲ್ಲಿ ಹುಚ್ಚ ಸೈಕಲ್ ಹತ್ತಿಯಾಗಿತ್ತು. ಕೆರಿಯ ರಸ್ತೆಗೆ ಓಡಿ, ಸಿಕ್ಕಿದ ಟೆಂಪೋ ಹತ್ತಿ ಬೆನ್ನು ಬಿದ್ದ. ಇಸಳೂರಿನಲ್ಲಿ ಇಳಿದಾಗ ಮಡಿವಾಳಪ್ಪ ಒಬ್ಬನೇ ಕಲ್ಲಿನ ಮೇಲೆ ಕೂತು ಚೊಂಬಿನಿಂದ ನೀರು ಕುಡಿಯುತ್ತಿದ್ದ. ಹಿಂದಿನಿಂದ ಹುಚ್ಚ ಹೋಗುತ್ತಿದ್ದ, ಕತ್ತಿ ಮೇಲೆದ್ದಿತ್ತು. ಕೂಗಿದರೆ ಅವನು ನಿಲ್ಲುವವನಲ್ಲ. ಕೆರಿಯ ಓಡಿ ಬಂದು, ಪ್ಲಾಸ್ಟರಿನ ಕೈಯನ್ನೇ ಎತ್ತಿ ಹುಚ್ಚನ ತಲೆಗೆ ಅಪ್ಪಳಿಸಿದ. ಹುಚ್ಚ ಕಲ್ಲಿನ ಅಂಚಿಗೆ ಮುಖ ಕೊಟ್ಟು ಬಿದ್ದ. ಹುಬ್ಬು ಬಾಯಿ ಬಿಟ್ಟಿತು, ಹಲ್ಲೆರಡು ಮಣ್ಣಿಗೆ ಉದುರಿದವು. ಬಿದ್ದವನ ಮೇಲೆ ಕೆರಿಯ ಇನ್ನೊಂದು ಏಟು ಹಾಕಿದ. ಆ ಎರಡನೇ ಏಟು ಯಾಕೆ ಹಾಕಿದೆ ಎಂಬುದು ಅವನಿಗೆ ಆಮೇಲೂ ತಿಳಿಯಲಿಲ್ಲ. ಏಳು ವರ್ಷ ತಿಂದದ್ದೆಲ್ಲ ಆ ಕೈಗೆ ಇಳಿದಿತ್ತೋ ಏನೋ.

ಮಡಿವಾಳಪ್ಪ ತಿರುಗಿ ನೋಡಿದ. ಕತ್ತಿ ನೋಡಿದ, ರಕ್ತ ನೋಡಿದ. ತಲೆಯ ಟವೆಲ್ ಬಿಚ್ಚಿ ಹುಚ್ಚನ ಹಣೆಗೆ ಬಿಗಿದು, ಇಬ್ಬರನ್ನೂ ಲಾರಿಗೆ ಹತ್ತಿಸಿದ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಯಾರು ಹೊಡೆದದ್ದು ಎಂದು ಪೇದೆ ಕೇಳಿದ. ಹುಚ್ಚ ಒಡೆದ ತುಟಿಯಲ್ಲೇ ಮಡಿವಾಳಪ್ಪನ ಕಡೆ ಬೆರಳು ತೋರಿಸಿದ. ಮೊನ್ನೆ ಮೊನ್ನೆಯ ರಾಡಿನ ಏಟು ಇಡೀ ಪೇಟೆಗೆ ಗೊತ್ತು, ನಂಬದವರಿಲ್ಲ. ಬಾಗಿಲಲ್ಲಿ ನಿಂತಿದ್ದ ಮಡಿವಾಳಪ್ಪ ಗೋಡೆಗೆ ಒರಗಿದ. ಸುದ್ದಿ ಕೇಳಿ ಬಂದಿದ್ದ ಭಟ್ಟರು ಕೆರಿಯನ ಕಿವಿಯ ಹತ್ತಿರ ಬಂದರು.

"ಬಾಯಿ ಮುಚ್ಕಂಡು ಕೂರು ಮಾರಾಯ. ನಿನ್ನ ಅರ್ಜಿ ಕಾರವಾರದಲ್ಲಿದ್ದು. ಅವ ನಿನ್ನ ಕೈ ಮುರಿದವ ಅಲ್ದಾ, ಒಳಗೆ ಹೋದ್ರೆ ಎಂತ ಪಾಪ ಬತ್ತು?"

ಪೇದೆ ಕೆರಿಯನ ಕಡೆ ತಿರುಗಿದ. ಸುಮ್ಮನಿದ್ದರೂ ಸಾಕಿತ್ತು. ಮುರಿದ ಮೂಳೆ ಮತ್ತೆ ಸರಿದು ಕಣ್ಣಿಗೆ ಕತ್ತಲೆ ಬರುತ್ತಿತ್ತು. ಬೇಲಿಯ ತನಕ ನಿಮ್ಮದೇ ಎಂದು ತಾನು ಹೇಳಿದಾಗ ಈ ಮನುಷ್ಯ ಮರುಮಾತಿಲ್ಲದೆ ನಂಬಿದ್ದ.

"ಬರ್ಕಳಿ. ಹುಚ್ಚಂಗೆ ಹೊಡದದ್ದು ನಾನು. ಎರಡು ಏಟು."

ಭಟ್ಟರು ಹಣೆ ಬಡಿದುಕೊಂಡರು.

ಕೇಸಾಯಿತು. ಅರ್ಜಿ ತಿರಸ್ಕೃತವಾದ ಕಾಗದ ಮಳೆಗಾಲದಲ್ಲಿ ಬಂತು. ದುರ್ಗಿ ಅದನ್ನು ಎರಡು ಸಲ ಓದಿಸಿ ಕೇಳಿ, ಮಡಚಿ ಪೆಟ್ಟಿಗೆಗೆ ಹಾಕಿದಳು, ಮುಂದಿನ ಅರ್ಜಿಗೆ ನಂಬರು ಬೇಕಾಗುತ್ತದೆ ಎಂದು. ಹುಚ್ಚ ಎರಡು ವರ್ಷ ಅಕ್ಕನ ಮನೆ ಮೆಟ್ಟಲಿಲ್ಲ. ಆಮೇಲೆ ಅವನೇ ಕೋರ್ಟಿಗೆ ಬಂದು ರಾಜಿ ಬರೆದುಕೊಟ್ಟ, ಭಾವನ ಮುಖ ಮಾತ್ರ ನೋಡಲಿಲ್ಲ. ಕೆರಿಯ ಮತ್ತೆ ಅರ್ಜಿ ಹಾಕಿದ, ಪೂರ್ತಿ ನೆಟ್ಟಗಾಗದ ಕೈಯಲ್ಲೇ ಪರೀಕ್ಷೆ ಬರೆದ. ೨೦೦೩ರಲ್ಲಿ ಲೈಸೆನ್ಸು ಬಂತು.

ಮೇಜು ಹಾಕಿದ ಎರಡನೇ ತಿಂಗಳು ಮಂಚಿಕೇರಿ ಕಡೆಯವರೊಬ್ಬರು ಶಿರಸಿ ಹತ್ತಿರದ ತಮ್ಮ ಜಾಗ ಮಾರುವ ಪತ್ರ ಬರೆಸಲು ಬಂದರು. ಕೆರಿಯ ಪಹಣಿ ನೋಡಿದ, ಸರ್ವೆ ನಕ್ಷೆ ಕೇಳಿದ, ಅರ್ಧ ಜಾಗ ಬೆಟ್ಟ ಎಂದ, ಬರೆಯಲು ಒಪ್ಪಲಿಲ್ಲ. ನಮ್ಮ ಬೆಟ್ಟ ನಮ್ಮದಲ್ಲ ಎನ್ನಲು ನೀನ್ಯಾರು ಎಂದು ಅವರು ಮೇಜಿನ ಮೇಲಿಂದಲೇ ಬಾಗಿ ಕೆನ್ನೆಗೆ ಹೊಡೆದರು. ಲೈಸೆನ್ಸಿನ ಚೌಕಟ್ಟು ಅವನ ತಲೆಯ ಮೇಲೇ ತೂಗುತ್ತಿತ್ತು.

ಬಾಯೊಳಗೆ ರಕ್ತದ ರುಚಿ ಬಂತು. ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಅದನ್ನು ಎಡಗೈಯಿಂದ ಮೇಜಿಗೆ ಒತ್ತಿ ಹಿಡಿದು, ಅದು ಬಿಚ್ಚಿಕೊಳ್ಳುವವರೆಗೂ ಕೆರಿಯ ಕಾದ. ಆಮೇಲೆ ಅವರ ಕಾಗದಗಳನ್ನು ಅಂಚು ಸರಿ ಮಾಡಿ ಎದುರಿಗಿಟ್ಟ.

"ನಕ್ಷೆ ತನ್ನಿ. ಹಕ್ಕಲು ಎಷ್ಟದೆಯೋ ಅಷ್ಟು ಬರ್ದು ಕೊಡ್ತೆ."