ವರ್ನಾ ತಿರುಗಿಸಿದ ತಿರುಪು

ವರ್ನಾ ಹೋಸ್ಟೆಟರ್‌ಳಂಥ ಪುಕ್ಕಲು ಹೆಂಗಸು ನಮ್ಮ ಕಣಿವೆಯಲ್ಲಿ ಇನ್ನೊಬ್ಬಳಿರಲಿಲ್ಲ. ಹೊಳೆ ಎಷ್ಟೇ ಗಟ್ಟಿಯಾಗಿ ಹೆಪ್ಪುಗಟ್ಟಿರಲಿ, ಅವಳು ಸೇತುವೆ ಬಿಟ್ಟು ದಾಟಿದವಳಲ್ಲ. ಊಟದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಯಾರೋ ಸತ್ತರೆಂದೇ ಎದ್ದು ಹೋಗುತ್ತಿದ್ದಳು. ಅಂಥವಳು ತಲೆ ನರೆಯುವವರೆಗೆ ಕೋವಿ ಮಾರಿಕೊಂಡಿದ್ದಳು ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಪೆನ್ಸಿಲ್ವೇನಿಯಾದ ಈ ಉತ್ತರದ ಬೆಟ್ಟಗಳಲ್ಲಿ ಜಿಂಕೆ ಬೇಟೆಗೆ ಕೋವಿ ಬೇಕಾದವರು ಅವಳು ಕೆಲಸಕ್ಕಿದ್ದ ಹಾರ್ಡ್‌ವೇರ್ ಅಂಗಡಿಗೇ ಬರುತ್ತಿದ್ದರು, ಮೊಳೆ ಬಕೆಟ್ಟುಗಳನ್ನು ದಾಟಿ ನೇರ ಹಿಂದಿನ ಕೌಂಟರಿಗೆ ನಡೆಯುತ್ತಿದ್ದರು.

ಆ ಹೆದರಿಕೆಗೆ ಕಾರಣವಿತ್ತು. ಅವಳು ಸಣ್ಣವಳಿದ್ದಾಗ ಅಪ್ಪ ಅಡುಗೆಮನೆಯ ಮೇಜಿನ ಬಳಿ ಕೂತು, ಖಾಲಿಯೆಂದುಕೊಂಡು ಕೋವಿ ಒರೆಸುತ್ತಿದ್ದ. ಅದು ಹಾರಿತು. ಒಲೆಯ ಮೇಲಿದ್ದ ಹುಳಿ ಬರಿಸಿದ ಎಲೆಕೋಸಿನ ಪಾತ್ರೆ ತೂತಾಗಿ ಬಿಸಿ ಸಾರು ನೆಲಕ್ಕೆಲ್ಲ ಹರಿಯಿತು. ಮೇಜಿನ ಕೆಳಗೆ ಗೊಂಬೆ ಹಿಡಿದು ಕೂತಿದ್ದ ವರ್ನಾಳಿಗೆ ಏನೂ ಆಗಲಿಲ್ಲ. ಆದರೆ ಕೋವಿ ಎಂಬುದು ತಾನಾಗಿಯೇ ಹಾರಬಲ್ಲದು ಎನ್ನುವುದು ಅಂದು ಅವಳ ಎದೆಯಲ್ಲಿ ಕೂತಿತು, ಮತ್ತೆ ಏಳಲಿಲ್ಲ.

ಅದಕ್ಕೇ ಅವಳು ಕೋವಿ ಆರಿಸುವ ರೀತಿಯೇ ಬೇರೆ. ಪೆಟ್ಟಿಗೆಯ ಮೇಲಿನ ಬಡಾಯಿಯನ್ನು ಓದುತ್ತಲೇ ಇರಲಿಲ್ಲ. ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಮರದ ಹಿಡಿಗೂ ನಡುವೆ ತೂರಿಸಿ ಉದ್ದಕ್ಕೆ ಎಳೆಯುತ್ತಿದ್ದಳು. ಎಲ್ಲಾದರೂ ಸಿಕ್ಕಿಕೊಂಡರೆ ಆ ಕೋವಿ ಕಪಾಟಿಗೆ ವಾಪಸು. ಚಳಿಗೆ ಮರ ಬಾಗಿ ನಳಿಗೆಯನ್ನು ತಳ್ಳಿದರೆ ಗುರಿ ಕೆಡುತ್ತದೆಂದು ಅವಳ ವಾದ. ಆಮೇಲೆ ಅಂಗಡಿಯ ಹಿಂದಿನ ದಿಬ್ಬಕ್ಕೆ ಒಂದೇ ಒಂದು ಗುಂಡು ಹೊಡೆಸಿ, ನಳಿಗೆ ಪೂರ್ತಿ ತಣ್ಣಗಾಗುವವರೆಗೆ ಗಿರಾಕಿಯನ್ನು ಚಳಿಯಲ್ಲಿ ನಿಲ್ಲಿಸಿ, ಮತ್ತೊಂದು ಹೊಡೆಸುತ್ತಿದ್ದಳು. ತಣ್ಣನೆಯ ನಳಿಗೆಯ ಮೊದಲ ಗುಂಡೇ ಗುರಿಗೆ ಬೀಳಬೇಕು. ಗೊಣಗಿದವರಿಗೆ, "ನೀನು ನಳಿಗೆ ಬಿಸಿ ಮಾಡ್ಕೊಳ್ಳೋವರೆಗೂ ಜಿಂಕೆ ಏನು ಕಾಫಿ ಕುಡೀತಾ ನಿಂತಿರುತ್ತಾ?" ಎನ್ನುತ್ತಿದ್ದಳು. ಕೊನೆಗೆ ದಪ್ಪ ಕೈಗವಸು ಹಾಕಿಸಿ ಟ್ರಿಗರ್ ಒತ್ತಿಸುತ್ತಿದ್ದಳು. ಗವಸಿನ ಬೆರಳಿಗೆ ಅದು ಸ್ಪಷ್ಟವಾಗಿ ತಾಗಬೇಕು, ಒತ್ತಿದ ಮೇಲೆಯೇ ಹಾರಬೇಕು. ಆ ಟ್ರಿಗರಿನ ಬಿಗಿಯನ್ನು ಹಿಡಿದಿಡುವ ತಿರುಪು ಅಲುಗದಂತೆ ಕಾರ್ಖಾನೆಯವರು ಹಚ್ಚಿದ ಕೆಂಪು ಅರಗನ್ನು ಅವಳು ಎಂದೂ ಮುಟ್ಟಿರಲಿಲ್ಲ.

ಒಂದೇ ಒಂದು ಸಲ ಮುಟ್ಟಿದಳು, ಅದೂ ತಮ್ಮ ಹಾರ್ಲನ್‌ನಿಗಾಗಿ.

ನವೆಂಬರಿನಲ್ಲಿ ಊರಿನ ಬೆಂಕಿ ಆರಿಸುವ ದಳದವರು ತಮ್ಮ ಶೆಡ್ಡಿನ ಹಿಂದೆ ಗುರಿಯ ಪಂದ್ಯ ಇಡುತ್ತಿದ್ದರು. ಪಂದ್ಯಕ್ಕೆಂದೇ ಮಾಡಿಸಿದ್ದಲ್ಲ, ಅಂಗಡಿಯಿಂದ ತಂದ ಬೇಟೆಯ ಕೋವಿಯೇ ಆಗಬೇಕು, ಮೂರು ಗುಂಡು ಯಾರದು ಹತ್ತಿರ ಹತ್ತಿರ ಕೂರುತ್ತದೋ ಅವರಿಗೆ ಹೊಗೆಯಲ್ಲಿ ಹದಮಾಡಿದ ಹಂದಿಯ ಇಡೀ ತೊಡೆ. ಹಾರ್ಲನ್ ಪ್ರತಿವರ್ಷ ಎರಡನೆಯವನಾಗಿ ಮನೆಗೆ ಬಂದು ನಾಯಿಯ ಮೇಲೆ ರೇಗುತ್ತಿದ್ದ. ಆ ವರ್ಷ ವರ್ನಾ ಆರಿಸಿಕೊಟ್ಟ ಕೋವಿ ಹಿಡಿದುಕೊಂಡು ಕೌಂಟರಿಗೆ ಒರಗಿ ನಿಂತ.

"ಕೋವಿ ಬಂಗಾರ ಕಣೇ ವರ್ನಾ. ಟ್ರಿಗರ್ ಮಾತ್ರ ಬಾವಿಯಿಂದ ನೀರು ಸೇದಿದ ಹಾಗಾಗುತ್ತೆ. ಸ್ವಲ್ಪ ಸಡಿಲ ಮಾಡು."

"ಅದು ಹಾಗಿರೋದೇ ಒಳ್ಳೇದು."

"ಪಂದ್ಯ ಮುಗಿಯೋವರೆಗೆ ಮಾತ್ರ. ಆಮೇಲೆ ನೀನೇ ಬಿಗಿ ಮಾಡ್ಕೊಡು. ಎಲ್ಲದಕ್ಕೂ ಹೆದರ್ತಾ ಕೂತ್ರೆ ಹೇಗೆ? ನಿನ್ನ ತಮ್ಮ ಒಂದು ಸಲ ಗೆಲ್ಲೋದು ನಿಂಗೆ ಬೇಡ್ವಾ?"

ಹೆದರುಪುಕ್ಕಲಿ ಎನಿಸಿಕೊಳ್ಳುವುದು ಅವಳಿಗೆ ಹೊಸದಲ್ಲ. ಆದರೂ ಅಂದು ಯಾಕೋ ಚುಚ್ಚಿತು. ಅರಗನ್ನು ಕೆರೆದು ತಿರುಪನ್ನು ತಿರುಗಿಸಿದಳು. ಹಾರ್ಲನ್ ಇನ್ನೂ ಸ್ವಲ್ಪ ಎಂದ, ಇನ್ನೂ ಸ್ವಲ್ಪ ತಿರುಗಿಸಿದಳು. ಪಂದ್ಯದಲ್ಲಿ ಅವನ ಮೂರು ಗುಂಡಿನ ತೂತನ್ನೂ ಒಂದು ಬಾಟಲಿ ಮುಚ್ಚಳದಿಂದ ಮುಚ್ಚಬಹುದಿತ್ತು. ಗೆದ್ದ. ಕೋವಿ ತಂದುಕೊಡು ಎಂದು ಅವಳು ಕೇಳಿದಾಗ, "ಗ್ಯಾರೇಜಿನ ಮರ್ವಿನ್ ಹತ್ರ ಬಿಗಿ ಮಾಡಿಸ್ಕೊಂಡೆ, ನೀನು ನಿದ್ದೆ ಮಾಡು" ಎಂದ. ಅವಳು ನಂಬಿದಳು.

ಬೇಟೆಯ ಮೊದಲ ದಿನ ಶಾಲೆಗೂ ರಜ, ಗರಗಸದ ಮಿಲ್ಲಿಗೂ ರಜ. ಗಂಡ ಲೆಸ್ಟರ್ ಮತ್ತು ಹಾರ್ಲನ್ ಬೆಳಕು ಹರಿಯುವ ಮುನ್ನವೇ ಕಾಡಿನ ಕ್ಯಾಂಪಿಗೆ, ಬೇಟೆಗಾರರು ಸೇರುವ ಮರದ ಮನೆಗೆ, ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಮರ್ವಿನ್ ಒಲೆಯ ಬತ್ತಿ ಕೇಳಿಕೊಂಡು ಅಂಗಡಿಗೆ ಬಂದ. ವರ್ನಾ ಸುಮ್ಮನೆ ಮಾತಿಗೆ, "ಹಾರ್ಲನ್‌ನ ಕೋವಿ ಸರಿ ಮಾಡಿಕೊಟ್ಟಿದ್ದಕ್ಕೆ ಉಪಕಾರ ಆಯ್ತು" ಎಂದಳು.

"ಹಾರ್ಲನ್ನಾ? ಅವನು ನನ್ನ ಗ್ಯಾರೇಜಿಗೆ ಕಾಲಿಟ್ಟು ಎಷ್ಟು ದಿನ ಆಯ್ತೋ," ಎಂದ ಮರ್ವಿನ್.

ವರ್ನಾ ಗೋಡೆಯ ಗಡಿಯಾರ ನೋಡಿದಳು. ಊಟವಾದ ಮೇಲೆ ಕ್ಯಾಂಪಿನವರು ಸೋವು ನಡೆಸುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಕೆಲವರು ಕೆಳಗಿನಿಂದ ಗದ್ದಲ ಮಾಡುತ್ತ ಜಿಂಕೆಗಳನ್ನು ಎಬ್ಬಿಸಿಕೊಂಡು ಬರುತ್ತಾರೆ, ಉಳಿದವರು ಮೇಲೆ ಕೋವಿ ಹಿಡಿದು ಕಾಯುತ್ತಾರೆ. ಕಾಯುವವನು ಯಾವಾಗಲೂ ಹಾರ್ಲನ್, ಹಳೆಯ ಸೇಬಿನ ತೋಟದ ಮೇಲಿನ ಹೆಮ್ಲಾಕ್ ಮರದ ಬಳಿ. ಸೋವುವವನು ಲೆಸ್ಟರ್. ಇಂಥ ಚಳಿಯಲ್ಲಿ ಹಾರ್ಲನ್ ದಪ್ಪ ಗವಸು ಹಾಕಿರುತ್ತಾನೆ. ಉಸಿರು ತಾಗಿದರೆ ಹಾರುವ ಟ್ರಿಗರಿನ ಮೇಲೆ ಆ ಗವಸಿನ ಬೆರಳು ಇರುತ್ತದೆ, ಎದುರಿನಿಂದ ತನ್ನ ಗಂಡ ನಡೆದು ಬರುತ್ತಿರುತ್ತಾನೆ.

ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ತೊಡುವ, ಮಾರಾಟಕ್ಕೆ ತೂಗುಹಾಕಿದ್ದ ಕಿತ್ತಳೆ ಬಣ್ಣದ ಕೋಟೊಂದನ್ನು ಬೆಲೆಚೀಟಿ ಸಮೇತ ಎಳೆದುಕೊಂಡು, ಅಂಗಡಿಯನ್ನು ಮರ್ವಿನ್ ಕೈಗೆ ಬಿಟ್ಟು ಹೊರಟಳು. ಕ್ಯಾಂಪಿನಲ್ಲಿ ಎಂಜಲು ತಟ್ಟೆಗಳು ಬಿಟ್ಟರೆ ಯಾರೂ ಇರಲಿಲ್ಲ. ಬೇಟೆಯ ಕಾಲದಲ್ಲಿ ಅವಳು ಎಂದೂ ಕಾಡಿಗೆ ಕಾಲಿಟ್ಟವಳಲ್ಲ. ಎಲ್ಲೋ ದೂರದಲ್ಲಿ ಒಂದು ಗುಂಡು ಸಿಡಿಯಿತು, ಹಿಮದಲ್ಲಿ ಹಾಗೇ ಕೂತುಬಿಟ್ಟಳು. ಮತ್ತೆ ಎದ್ದಳು. "ಹಾರ್ಲನ್, ನಾನು ಕಣೋ, ಹೊಡೀಬೇಡ, ನಾನು ವರ್ನಾ," ಎಂದು ಒಂದೇ ಸಮನೆ ಕೂಗುತ್ತ ಏರು ಹತ್ತಿದಳು. ಸೋವಿನ ಮಧ್ಯೆ ಕಾಯುವವರ ಬೆನ್ನ ಹಿಂದೆ ಹೀಗೆ ಕೂಗಿ ಜಿಂಕೆಗಳನ್ನು ಹಿಂದಿರುಗಿಸುವುದನ್ನು ನಮ್ಮ ಗಂಡಸರು ಕಳ್ಳತನಕ್ಕಿಂತ ಕಡೆಯಾಗಿ ಕಾಣುತ್ತಾರೆ. ಅದರ ಗೊಡವೆ ಅವಳಿಗಿರಲಿಲ್ಲ. ಆದರೆ ಗಾಳಿ ಎದುರು ಬೀಸುತ್ತಿತ್ತು, ದನಿ ಹಿಂದಕ್ಕೇ ಹೋಗುತ್ತಿತ್ತು.

ಹೆಮ್ಲಾಕ್ ಮರ ಕಂಡಾಗ ಹಾರ್ಲನ್‌ನ ಬೆನ್ನೂ ಕಂಡಿತು. ಅವನ ಕೋವಿ ಆಗಲೇ ಭುಜಕ್ಕೇರಿತ್ತು. ಪೊದೆಗಳ ಸಾಲಿನ ಮುಂದೆ ಕೊಂಬಿನ ಜಿಂಕೆಯೊಂದು ಓರೆಯಾಗಿ ಓಡುತ್ತಿತ್ತು. ಅದು ತನ್ನನ್ನು ದಾಟಿ ಹಿಂದಿನ ಇಳಿಜಾರಿಗೆ ಹೋಗುವವರೆಗೂ ಹೊಡೆಯಬಾರದೆಂಬ ಕಟ್ಟಳೆ ಅವನಿಗೆ ಗೊತ್ತಿತ್ತು, ಹೊಡೆಯುತ್ತಲೂ ಇರಲಿಲ್ಲ. ಕೋವಿಯ ಮೇಲಿನ ದುರ್ಬೀನಿನಲ್ಲಿ ಕಣ್ಣಿಟ್ಟು ಜಿಂಕೆಯ ಜೊತೆಗೇ ನಳಿಗೆಯನ್ನು ತಿರುಗಿಸುತ್ತಿದ್ದ ಅಷ್ಟೇ. ಆ ಪೊದೆಗಳ ಆಚೆ ಒಂದು ಕಿತ್ತಳೆ ಟೋಪಿ ವರ್ನಾಳಿಗೆ ಕಂಡಿತು. ಅವನಿಗೆ ಕಂಡಿರಲಿಲ್ಲ.

ಕೂಗಲು ಬಾಯಿ ತೆರೆದವಳು ಹಾಗೇ ನಿಂತಳು. ಈಗ ಕೂಗಿದರೆ ಅವನು ಬೆಚ್ಚುತ್ತಾನೆ. ಬೆಚ್ಚಿದರೆ ಬೆರಳು ಅಲುಗುತ್ತದೆ. ಕೂಗದಿದ್ದರೆ ನಳಿಗೆ ಟೋಪಿಯ ಕಡೆಗೇ ಹೋಗುತ್ತಿದೆ. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಜನ್ಮದಲ್ಲಿ ಅಷ್ಟು ಹೆದರಿದ್ದಿಲ್ಲ, ಮೇಜಿನ ಕೆಳಗೆ ಕೂತಿದ್ದಾಗಲೂ ಇಲ್ಲ. ನಳಿಗೆ ಮೆಲ್ಲಗೆ ಸರಿಯಿತು, ಇನ್ನೂ ಸರಿಯಿತು. ಕೋವಿ ಹಾರಿತು.

ಜಿಂಕೆ ಬಾಲ ಎತ್ತಿಕೊಂಡು ಓಡಿಹೋಯಿತು. ಕಿತ್ತಳೆ ಟೋಪಿ ಕಾಣಲಿಲ್ಲ.

ಹಾರ್ಲನ್ ತಿರುಗಿದ. "ನಾನು ಹೊಡೀಲಿಲ್ಲ ವರ್ನಾ," ಎಂದ. "ಬೆರಳು ಸುಮ್ನೆ ಇಟ್ಟಿದ್ದೆ. ಅದೇ ಹಾರ್ತು."

ಅವಳು ಕೇಳಿಸಿಕೊಳ್ಳಲಿಲ್ಲ. ಪೊದೆಗಳ ಕಡೆಗೇ ನೋಡುತ್ತಿದ್ದಳು. ಕೊಂಬೆಗಳು ಅಲುಗಿದವು. ಪ್ಯಾಂಟಿನ ಹಿಮ ಕೊಡವುತ್ತ ಲೆಸ್ಟರ್ ಹೊರಗೆ ಬಂದ.

"ಅಷ್ಟು ಹತ್ರದ ಜಿಂಕೇನ ಬಿಟ್ಯೇನೋ? ಇದೇ ಕೋವೀಲಿ ತಾನೆ ನೀನು ಹಂದಿ ತೊಡೆ ಗೆದ್ದಿದ್ದು?" ಎಂದವನು ಹೆಂಡತಿಯನ್ನು ಕಂಡು ನಿಂತ. "ನೀನೇನೇ ಇಲ್ಲಿ? ಕಾಡಲ್ಲಿ ದೆವ್ವದ ಹಾಗೆ ನಿಂತಿದ್ದೀಯಲ್ಲ?"

ಹಾರ್ಲನ್ ತೋಟಾಗಳನ್ನೆಲ್ಲ ಹಿಮಕ್ಕೆ ಸುರಿದು ಕೂತಿದ್ದ. ವರ್ನಾ ಗಂಡನ ಹೆಜ್ಜೆ ಗುರುತು ಹಿಡಿದು ಒಬ್ಬಳೇ ಪೊದೆಗಳಾಚೆ ಹೋದಳು. ತೋಟದ ಹಳೆಯ ಬೇಲಿತಂತಿಯೊಂದು ಹಿಮದಿಂದ ಮೇಲೆದ್ದಿತ್ತು, ಅದರ ಮುಳ್ಳಿನಲ್ಲಿ ಲೆಸ್ಟರನ ಪ್ಯಾಂಟಿನ ಎಳೆ ಸಿಕ್ಕಿತ್ತು. ಪಕ್ಕದಲ್ಲಿ ಅವನು ಮೊಣಕಾಲೂರಿದ ಗುಳಿ. ಹಿಂದೆಯೇ ಇದ್ದ ಬೀಚ್ ಮರದಲ್ಲಿ ಹೊಸ ತೂತು. ಅವಳು ಆ ಮರಕ್ಕೆ ಬೆನ್ನು ಕೊಟ್ಟು ನಿಂತು, ಕೈ ಹಿಂದೆ ಮಾಡಿ ತಡವಿ ನೋಡಿದಳು. ಲೆಸ್ಟರ್ ನೆಟ್ಟಗೆ ನಿಂತಿದ್ದರೆ ಎದೆ ಬರುವ ಜಾಗ ಅದು.

ಸಂಜೆ ಕ್ಯಾಂಪಿನಲ್ಲಿ ಒಲೆಯ ಸುತ್ತ ಎಲ್ಲರೂ ಕೂತರು. ಗುರಿ ತಪ್ಪಿದವನ ಅಂಗಿಯ ಹಿಂದಿನ ಚುಂಗನ್ನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿನ ಪದ್ಧತಿ. ಲೆಸ್ಟರನೇ ಕತ್ತರಿ ಹಿಡಿದು ಎದ್ದ. ಹಾರ್ಲನ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವನು ನಾಚಿದ್ದಾನೆಂದು ಗಂಡಸರೆಲ್ಲ ನಗುತ್ತಿದ್ದರು.

"ವರ್ನಾ ಆರಿಸಿದ ಕೋವಿ ತಪ್ಪಿದ್ದು ಇದೇ ಮೊದಲು," ಎಂದ ಲೆಸ್ಟರ್, ಅಂಗಿಯ ತುದಿ ಹಿಡಿದುಕೊಂಡು. "ಇದನ್ನ ನಿನ್ನ ಅಂಗಡೀಲೇ ಹಾಕೋಣವೇನೇ?"

"ಅದು ತಪ್ಪಲಿಲ್ಲ ಲೆಸ್ಟರ್," ಎಂದಳು ವರ್ನಾ. "ಮುಖ ಮಾಡಿದ ಕಡೆಗೇ ನೆಟ್ಟಗೆ ಹೊಡೀತು, ನಿನ್ನ ಹಿಂದಿನ ಬೀಚ್ ಮರಕ್ಕೆ, ನಿನ್ನ ಎದೆ ಮಟ್ಟಕ್ಕೆ. ಟ್ರಿಗರ್ ಸಡಿಲ ಮಾಡಿದೋಳು ನಾನು. ನೀನು ಆಗ ತಂತಿ ಬಿಡಿಸ್ಕೊಳ್ಳೋಕೆ ಬಗ್ಗಿದ್ದೆ."

ನಗು ನಿಂತಿತು. ಕತ್ತರಿ ಬಾಯಿ ತೆರೆದುಕೊಂಡೇ ಲೆಸ್ಟರನ ಕೈಯಲ್ಲಿತ್ತು. ಅವನು ಹಾರ್ಲನ್‌ನ ಅಂಗಿಯನ್ನು ಬಿಟ್ಟ. ಇನ್ನೊಂದು ಕೈ ತಾನಾಗಿ ಮೇಲೆದ್ದು, ಎದೆಯ ನಡುವಿನ ಗುಂಡಿಯನ್ನು ಹಿಡಿದುಕೊಂಡಿತು.