ಅರ್ಧ ಸೀಸೆ ಪೆಟ್ರೋಲು

ಮೊನ್ನೆ ನನ್ನ ಮಗ ಟ್ರ್ಯಾಕ್ಟರು ತೊಳೆಯಲೆಂದು ನೀರನ್ನು ರಭಸದಿಂದ ಚಿಮ್ಮಿಸುವ ಯಂತ್ರವೊಂದನ್ನು ತಂದ. ಪೆಟ್ರೋಲು ಹಾಕಿ ಹಗ್ಗ ಎಳೆದರೆ ಶುರುವಾಗಬೇಕು. ಆಗಲಿಲ್ಲ. ಎಳೆದ, ಬೈದ, ಮತ್ತೆ ಎಳೆದ. ಅಂಗಳದ ತುಂಬ ಪೆಟ್ರೋಲಿನ ವಾಸನೆ. ನಮ್ಮನ್ನು ನೋಡಲು ಬಂದಿದ್ದ ಅಣ್ಣ ಕಟ್ಟೆಯ ಮೇಲೆ ಕೂತಿದ್ದ.

"ಮಾವಾ, ನೀನರ ಒಂಚೂರು ನೋಡಬಾರದ?" ಎಂದ ಮಗ.

"ನನ್ನ ಕೈಯಾಗ ಅವು ಮಾತು ಕೇಳಂಗಿಲ್ಲೋ" ಎಂದು ನಕ್ಕು, ಅಣ್ಣ ಎಲೆಗೆ ಸುಣ್ಣ ಹಚ್ಚತೊಡಗಿದ.

ನಿಮಗೆ ಅದು ಸಾದಾ ನಗೆಯಾಗಿ ಕಂಡೀತು. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾನು ಮೂರನೆಯ ತರಗತಿಗೇ ಸಾಲಿ ಬಿಟ್ಟವಳು, ಹೇಳುವುದು ಹಿಂದುಮುಂದಾದರೆ ಸಹಿಸಿಕೊಳ್ಳಿ.

ನಾನು ಚಿಕ್ಕವಳಿದ್ದಾಗ ಗಂಗಾವತಿ ಹತ್ತಿರದ ನಮ್ಮ ಹೊಲದ ಬಾವಿಗೆ ಒಂದು ಎಂಜಿನ್ ಇತ್ತು. ಓಡುವುದು ಸೀಮೆಎಣ್ಣೆಯಲ್ಲಿ, ಆದರೆ ತಣ್ಣಗಿದ್ದಾಗ ಅದಕ್ಕೆ ಸೀಮೆಎಣ್ಣೆ ಹಿಡಿಸುತ್ತಿರಲಿಲ್ಲ. ಮೊದಲು ಪೆಟ್ರೋಲು ಕುಡಿಸಿ, ಹಗ್ಗ ಸುತ್ತಿ ಎಳೆದು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಅದಕ್ಕೆಂದೇ ಗೋಡೆಯ ಮಾಡದಲ್ಲಿ ಒಂದು ಪೆಟ್ರೋಲಿನ ಸೀಸೆ ಇರುತ್ತಿತ್ತು. ದೇವರ ಎಣ್ಣೆ ಮುಗಿದರೂ ಅದು ಮುಗಿಯುವಂತಿರಲಿಲ್ಲ.

ಎಂಜಿನ್ ನೋಡಿಕೊಳ್ಳುತ್ತಿದ್ದವನು ಅಣ್ಣ. ಗಂಗಾವತಿಯ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಬಾ ಎಂದಿದ್ದರು. ಅಪ್ಪನೂ ಒಪ್ಪಿದ್ದ. ಆ ಹುರುಪಿನಲ್ಲಿ ಅವನು ಮೊದಲ ಸಲ ಒಬ್ಬನೇ ಕಾರ್ಬೊರೇಟರು ಬಿಚ್ಚಿ, ತೊಳೆದು, ಜೋಡಿಸಿದ.

ಅದೇ ದಿನ ನಾನು ಹೊಸ ಲಂಗ ಉಟ್ಟು ಎಂಜಿನ್ನಿಗೆ ಒರಗಿ ನಿಂತೆ. ಜಿಡ್ಡು ಮೆತ್ತಿಕೊಂಡಿತು. ಅಣ್ಣ ಪೆಟ್ರೋಲಿನಿಂದ ಕೈ ತೊಳೆದುಕೊಳ್ಳುವುದನ್ನು ನೋಡಿದ್ದೆನಲ್ಲ, ಕದ್ದು ಅರ್ಧ ಸೀಸೆ ಲಂಗಕ್ಕೆ ಸುರಿದೆ. ಕಲೆ ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು. ಸೀಸೆ ಖಾಲಿ ಕಾಣಬಾರದೆಂದು ಸೀಮೆಎಣ್ಣೆ ತುಂಬಿಸಿಟ್ಟೆ. ಎರಡೂ ಎಂಜಿನ್ ಕುಡಿಯುವುದೇ ತಾನೆ ಎಂಬುದು ನನ್ನ ಬುದ್ಧಿವಂತಿಕೆ.

ಮರುದಿನ ಎಂಜಿನ್ ಹಿಡಿಯಲಿಲ್ಲ. ಅಣ್ಣ ಪ್ಲಗ್ ಬಿಚ್ಚಿ ಒರೆಸಿದ, ಉಪ್ಪುಕಾಗದದಿಂದ ತಿಕ್ಕಿದ, ಒಲೆಯ ಕೆಂಡಕ್ಕೆ ಹಿಡಿದು ಬಿಸಿ ಮಾಡಿ ಹಾಕಿದ. ಎಳೆದ. ಪ್ಲಗ್ ಮತ್ತೆ ಒದ್ದೆ. "ಕಿಡಿ ಐತಿ, ಎಣ್ಣಿ ಬರಾಕತ್ತೈತಿ, ಮತ್ಯಾಕ ಹಿಡೀವಲ್ದು?" ಎಂದು ತನಗೆ ತಾನೇ ಕೇಳಿಕೊಳ್ಳುತ್ತಿದ್ದ. ಎಂಜಿನ್ನಿಗೇ ಸೀಮೆಎಣ್ಣೆಯ ವಾಸನೆ ಇದ್ದುದರಿಂದ ಸೀಸೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅವನ ಅಂಗೈ ಸುಲಿದಿತ್ತು.

"ಛಲೋ ಇದ್ದದ್ದನ್ನ ಬಿಚ್ಚಿ ಕೆಡಿಸಿದಿ" ಎಂದ ಅಪ್ಪ. "ಮನಿ ಎಂಜಿನ್ ಕೆಡಿಸಿದಾಂವ ಮಂದಿ ಎಂಜಿನ್ ಏನ್ ರಿಪೇರಿ ಮಾಡ್ತಿ? ಸುಮ್ಮನ ಹೊಲದಾಗ ಬಿದ್ದಿರು."

ನಾನು ಚೆಂಬಿನಲ್ಲಿ ನೀರು ತಂದುಕೊಟ್ಟೆ. ಬಾಯಿ ಬಿಡಲಿಲ್ಲ.

ಮಾರನೆಯ ದಿನ ಗಂಗಾವತಿಯಿಂದ ಬಂದ ಮೇಸ್ತ್ರಿ ಕಾರ್ಬೊರೇಟರು ಬಿಚ್ಚಿ ಜೋಡಿಸಿ, ಸೀಸೆ ಅಷ್ಟರಲ್ಲಿ ಬರಿದಾಗಿದ್ದರಿಂದ ತಾನು ತಂದಿದ್ದ ಪೆಟ್ರೋಲು ಹಾಕಿ, ಎರಡನೆಯ ಎಳೆತಕ್ಕೇ ಶುರು ಮಾಡಿದ. ತಪ್ಪು ಅಣ್ಣನ ಜೋಡಣೆಯದೇ ಎಂದು ಎಲ್ಲರೂ ನಂಬಿದರು. ಅಣ್ಣನೂ ನಂಬಿದ. ಅಂಗಡಿಗೆ ಹೋಗಲಿಲ್ಲ. ಮುಂದೆ ಕಾಲುವೆಯ ಗೇಟು ಎತ್ತಿ ಇಳಿಸುವ ಸರಕಾರಿ ಕೆಲಸ ಸಿಕ್ಕಿತು, ಅದರಲ್ಲೇ ನಿವೃತ್ತನಾದ. ಎಂಜಿನ್ ಮಾತ್ರ ಮತ್ತೆ ಮುಟ್ಟಲಿಲ್ಲ.

ಮೊನ್ನೆ ಆ ವಾಸನೆಯಲ್ಲಿ ನನಗೆ ಕೂರಲಾಗಲಿಲ್ಲ. "ಅಣ್ಣಾ, ಅವತ್ತು ಪೆಟ್ರೋಲ್ ಸೀಸೆದಾಗ ನಾ ಚಿಮಣಿ ಎಣ್ಣಿ ಹಾಕಿದ್ದೆ" ಎಂದೆ.

ಯಾವತ್ತು ಎಂದು ಅವನು ಕೇಳಲಿಲ್ಲ. ಎಲೆ ಕೈಯಲ್ಲೇ ಉಳಿಯಿತು.

"ಎಷ್ಟು ಹಾಕಿದ್ದಿ?"

"ಅರ್ಧಕ್ಕರ್ಧ. ಲಂಗದ ಕಲಿ ತೆಗೀಲಿಕ್ಕೆ ಪೆಟ್ರೋಲ್ ಸುರಕೊಂಡಿದ್ದೆ."

ಲೆಕ್ಕ ಹಾಕುವವನಂತೆ ಅಂಗಳದ ಯಂತ್ರವನ್ನೇ ನೋಡಿದ. ಬೈಸಿಕೊಳ್ಳಲು ನಾನು ತಯಾರಿದ್ದೆ.

"ಹಂಗಾದ್ರ" ಎಂದ ಕೊನೆಗೆ, "ನಾ ಅದನ್ನ ಸರಿಯಾಗೇ ಜೋಡಿಸಿದ್ದೆ."

ಎಲೆ ಬದಿಗಿಟ್ಟು ಎದ್ದ. "ಸರಿಯೋ ಅತ್ತಾಗ. ಪಾನಾ ತಗೊಂಬಾ, ಮೊದಲ ಪ್ಲಗ್ ಬಿಚ್ಚಿ ನೋಡೂಣು" ಎಂದು ನನ್ನ ಮಗನಿಗೆ ಹೇಳಿ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅವನಿಗೆ ಕೈ ಒರೆಸಿಕೊಳ್ಳಲು ಬೇಕಾದೀತೆಂದು ನಾನು ಒಳಗೆ ಹೋಗಿ ಒಂದು ಹಳೆಯ ಸೀರೆ ಹರಿದೆ.